ಹೊಳೆಯ ಎಡ, ಹೊಳೆಯ ಬಲ

ಹುಲ್ಲಹಳ್ಳಿಯಲ್ಲಿ ಕಪಿಲೆಯ ದಡದಲ್ಲಿ ನಿಂತು ಎದುರು ದಡದವರಿಗೆ 'ಬಲಕ್ಕೆ ಹೋಗಿ' ಎಂದು ಕೂಗಿದರೆ ಅವರು ಹೋಗುವುದು ನಮ್ಮ ಎಡಕ್ಕೆ. ತಪ್ಪು ಅವರದಲ್ಲ. ನಾವೇ ಮನಸ್ಸಿನಲ್ಲಿ ನಮ್ಮ ಮೈಯನ್ನು ತಿರುಗಿಸಿ ಅವರ ಜಾಗದಲ್ಲಿ ನಿಲ್ಲಿಸಬೇಕಿತ್ತು. ತಿರುಗಬೇಕಾದ ಕೋನ ದೊಡ್ಡದಾದಷ್ಟೂ ಇದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಪ್ರಯೋಗಗಳಲ್ಲಿ ಕಂಡಿದ್ದಾರೆ.

ಯಾವ ದಂಡೆಯ ನಾಲೆಗೆ ನೀರು ಬಿಟ್ಟರು ಎಂಬುದು ಗದ್ದೆಯವರಿಗೆ ಬದುಕಿನ ಪ್ರಶ್ನೆ. ಅಲ್ಲಿ ಇಂಥ ಗೊಂದಲ ನಡೆಯದು. ಆದ್ದರಿಂದ ನೀರಾವರಿಯವರು ತೀರ್ಮಾನವನ್ನು ಹೊಳೆಗೇ ಬಿಟ್ಟಿದ್ದಾರೆ. ನೀರು ಹರಿಯುವತ್ತ ಮುಖ ಮಾಡಿದಾಗ ಬಲಗೈ ಕಡೆಯದು ಬಲದಂಡೆ, ನೋಡುವವರು ಎಲ್ಲಿದ್ದರೂ ಸರಿ. ಕಪಿಲೆ ಇಲ್ಲಿಂದ ನಂಜನಗೂಡು ದಾಟಿ ತಿರುಮಕೂಡಲಿನಲ್ಲಿ ಕಾವೇರಿ ಸೇರುವವರೆಗೆ ಹೆಚ್ಚುಕಡಿಮೆ ಮೂಡಲಿಗೇ ಹರಿಯುವುದರಿಂದ ಬಲದಂಡೆಯೆಂದರೆ ತೆಂಕಣ ದಡ. ಸಂಸ್ಕೃತದ 'ದಕ್ಷಿಣ'ಕ್ಕೂ ಬಲ, ತೆಂಕಣ ಎರಡೂ ಅರ್ಥ. ಅದು ಮೂಡಲಿಗೆ ಮುಖ ಮಾಡಿ ನಿಂತವರ ಲೆಕ್ಕ.