ಕ್ವಿಲ್ಟಿನ ಅಂಚಿಗೆ ಬಟ್ಟೆ ಎಷ್ಟು ಬೇಕು?

ಕ್ವಿಲ್ಟಿನ ಅಂಚುಪಟ್ಟಿಗೆ ಬಟ್ಟೆ ಕೊಳ್ಳುವಾಗ ಮೊದಲು ನೋಡಬೇಕಾದ್ದು ಬಟ್ಟೆಯ ಅಗಲ. 44 ಇಂಚಿನ ಹತ್ತಿ ಬಟ್ಟೆಯಲ್ಲಿ ಎರಡೂ ಬದಿಯ ಕಿನಾರೆ ಕಳೆದರೆ ಬಳಕೆಗೆ ಸಿಗುವುದು ಸುಮಾರು 42 ಇಂಚು. ಹಳೆ ಸೀರೆಗಳನ್ನು ಇದ್ದಷ್ಟರಲ್ಲೇ ಹೊಂದಿಸುವ ಕೌದಿಗೆ ಈ ಲೆಕ್ಕ ಅಷ್ಟಾಗಿ ಬೇಕಿಲ್ಲ; ಹೊಸ ಬಟ್ಟೆಗೆ ಬೇಕು.

ನಡುಭಾಗ 60 ಇಂಚು ಅಗಲ, 80 ಇಂಚು ಉದ್ದವಿದ್ದು, ಸುತ್ತ 5 ಇಂಚಿನ ಅಂಚು ಬೇಕೆನ್ನೋಣ. ಎರಡೂ ಬದಿಯ ಹೊಲಿಗೆಗೆ ಕಾಲಿಂಚಿನಂತೆ ಸೇರಿಸಿ ಪಟ್ಟಿಯನ್ನು ಐದೂವರೆ ಇಂಚಿಗೆ ಕತ್ತರಿಸಬೇಕು. ಉದ್ದದ ಬದಿಗಳಿಗೆ 80ರಂತೆ 160 ಇಂಚು. ಅವನ್ನು ಕೂಡಿಸಿದ ಮೇಲೆ ಅಗಲ 70 ಆಗುವುದರಿಂದ ಮೇಲೆ ಕೆಳಗೆ 140. ಒಟ್ಟು 300 ಇಂಚನ್ನು 42ರಿಂದ ಭಾಗಿಸಿದರೆ ಏಳಕ್ಕಿಂತ ತುಸು ಹೆಚ್ಚು, ಅಂದರೆ 8 ಪಟ್ಟಿ. ಇದಕ್ಕೆ 44 ಇಂಚು, ಸುಮಾರು 1.12 ಮೀಟರ್ ಬಟ್ಟೆ ಸಾಕು.

ಜನ ಎಡವುವುದು ಬೈಂಡಿಂಗಿನಲ್ಲಿ, ಅಂದರೆ ಕ್ವಿಲ್ಟಿನ ಹೊರತುದಿಯನ್ನು ಸುತ್ತಲೂ ಮುಚ್ಚುವ ಪಟ್ಟಿಯಲ್ಲಿ. ಈಗ ಕ್ವಿಲ್ಟಿನ ಸುತ್ತಳತೆ 320 ಇಂಚು. ಮೂಲೆ ತಿರುವು, ಕೊನೆಯ ಜೋಡಣೆಗೆ 10 ಸೇರಿಸಿದರೆ 330. ಎರಡೂವರೆ ಇಂಚಿನ 8 ಪಟ್ಟಿಗಳು 336 ಇಂಚು ಕೊಡುತ್ತವೆ, ಕಾಗದದ ಮೇಲೆ ಸಾಲುತ್ತದೆ. ಆದರೆ ಓರೆಯಾಗಿ ಕೂಡಿಸಿದ ಪ್ರತಿ ಜೋಡಣೆಯೂ ಸುಮಾರು ಎರಡೂವರೆ ಇಂಚು ನುಂಗುತ್ತದೆ. ಹಾಗಾಗಿ 9 ಪಟ್ಟಿ ಬೇಕು: 57 ಸೆಂಟಿಮೀಟರ್.

ಅಂಚಿನಲ್ಲಿ ಜೋಡಣೆ ಕಾಣಬಾರದೆಂದರೆ ಬಟ್ಟೆಯ ಉದ್ದಕ್ಕೇ ಕತ್ತರಿಸಬೇಕು. ಆಗ ಸುಮಾರು 2.1 ಮೀಟರ್ ಹಿಡಿಯುತ್ತದೆ, ಉಳಿದ ಅಗಲದಲ್ಲೇ ಬೈಂಡಿಂಗೂ ಆಗುತ್ತದೆ. ಯಾವ ಕ್ರಮವಾದರೂ ಹತ್ತಿ ಒಗೆದಾಗ ಕುಗ್ಗುವುದರಿಂದ 10–15 ಸೆಂಟಿಮೀಟರ್ ಹೆಚ್ಚಿಗೆ ಕೊಳ್ಳುವುದು ಒಳ್ಳೆಯದು.