ಕರುವಿನ ಬಾಯಲ್ಲೊಂದು ದೈತ್ಯ ವೈರಸ್

ಕರುವಿನ ತುಟಿ ಎತ್ತಿ ಟಾರ್ಚ್ ಬಿಟ್ಟು ನೋಡಿ. ವಸಡಿನ ಮೇಲೆ, ಅಂಗುಳದಲ್ಲಿ, ಮೂಗಿನ ಹೊಳ್ಳೆಯ ಅಂಚಿನಲ್ಲಿ ಕೆಂಪು ಗುಳ್ಳೆಗಳು! ನಡುವೆ ಬೂದು ಮಚ್ಚೆ, ಸುತ್ತ ಉಬ್ಬಿದ ಕೆಂಪು ಉಂಗುರ. ಸಾಕಿದವರ ಎದೆ ಧಸಕ್ಕೆನ್ನುತ್ತದೆ: ಕಾಲುಬಾಯಿ ರೋಗ ಬಂತೇ? ಹೈದರಾಬಾದಿನ ಸುತ್ತಲ ಹಳ್ಳಿಗಳಲ್ಲಿ ಅದಕ್ಕೆ ಗಾಲಿಕುಂಟು ಅನ್ನುತ್ತಾರೆ, ಭಯ ಮಾತ್ರ ಅದೇ.

ಆದರೆ ಕರು ಹಾಲು ಕುಡಿಯುತ್ತಿದೆ, ಬಾಲವೆತ್ತಿ ಓಡುತ್ತಿದೆ! ಜೊಲ್ಲಿನ ಧಾರೆಯಿಲ್ಲ, ಗೊರಸಿನ ಸಂದಿನಲ್ಲಿ ಹುಣ್ಣಿಲ್ಲ, ಗುಳ್ಳೆಯೊಳಗೆ ನೀರೂ ಇಲ್ಲ. ಇದು ಬೋವೈನ್ ಪ್ಯಾಪುಲರ್ ಸ್ಟೊಮಟೈಟಿಸ್. ಹೆಸರಿಗಿರುವ ಆರ್ಭಟ ರೋಗಕ್ಕಿಲ್ಲ. ಲಸಿಕೆಯಿಲ್ಲ, ಮದ್ದಿಲ್ಲ, ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ತಾನಾಗಿಯೇ ಮಾಯ.

ಇನ್ನು ಈ ರೋಗದ ವೈರಸ್ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಡಿ. ಅಬ್ಬಾ! ನೂಲು ಅಡ್ಡಡ್ಡ ಸುತ್ತಿದ ಉಂಡೆಯಂಥ ಮೈ, ಉದ್ದ ಸುಮಾರು 260 ನ್ಯಾನೊಮೀಟರ್. ಊರೂರನ್ನೇ ನಡುಗಿಸುವ ಕಾಲುಬಾಯಿ ವೈರಸ್ 30 ನ್ಯಾನೊಮೀಟರನ್ನೂ ದಾಟುವುದಿಲ್ಲ! ಅದರ ಆರ್‌ಎನ್‌ಎಯಲ್ಲಿ ಎಂಟು ಸಾವಿರ ಚಿಲ್ಲರೆ ಅಕ್ಷರ. ಈ ಸಾಧುವಿನ ಡಿಎನ್‌ಎಯಲ್ಲಿ ಸುಮಾರು 1,34,000. ಸಿಡುಬಿನದೇ ವಂಶ, ನೂರಾಮೂವತ್ತರಷ್ಟು ಜೀನ್‌ಗಳ ಸಂಸಾರ. ಅದರಲ್ಲೊಂದು ಜೀನ್, ನಂಬಿದರೆ ನಂಬಿ, ರಕ್ತನಾಳ ಚಿಗುರಿಸುವುದು! ಪ್ರಾಣಿಗಳ ಮೈಯಲ್ಲಿರುವಂಥದ್ದೇ ಜೀನ್. ಯಾವುದೋ ಕಾಲದಲ್ಲಿ ಅಲ್ಲಿಂದಲೇ ಎತ್ತಿಕೊಂಡಿರಬೇಕು. ಇಷ್ಟೆಲ್ಲ ಸಾಮಾನು ಹೊತ್ತು ಬಂದು ಮಾಡುವುದೇನು? ನಾಲ್ಕು ಗುಳ್ಳೆ!

ಕಾಲುಬಾಯಿ ಎಂಬ ಆ ಪುಟಾಣಿ ವೈರಿಗೆ ಮದ್ದರೆಯುವ ಊರೂ ಹೈದರಾಬಾದೇ. ಗಾಜಿನ ಐಟಿ ಗೋಪುರಗಳ ಗಚ್ಚಿಬೌಲಿಯಲ್ಲಿ ಇಂಡಿಯನ್ ಇಮ್ಯುನಾಲಜಿಕಲ್ಸ್ ಇದೆ. 1982ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ (ಎನ್‌ಡಿಡಿಬಿ) ಕಟ್ಟಿದ್ದು. ಕಾಲುಬಾಯಿ ವೈರಸ್ಸನ್ನು ಬೆಳೆಸಿ, ಕೊಂದು, ಅದರಿಂದಲೇ ಲಸಿಕೆ ಮಾಡುತ್ತಾರೆ. ಒ, ಎ, ಏಷ್ಯಾ-1 ಎಂಬ ಮೂರು ಬಗೆಗೂ ಒಂದೇ ಚುಚ್ಚು! ಸರ್ಕಾರಿ ಅಭಿಯಾನದಲ್ಲಿ ಆರು ತಿಂಗಳಿಗೊಮ್ಮೆ ದನಗಳಿಗೆ ಹಾಕಿಸುವ ಲಸಿಕೆ ಈ ಜಾತಿಯದೇ.

ಹಾಗಂತ ಗುಳ್ಳೆ ಕಂಡಾಗ ‘ಇದು ಸಾಧುವೇ’ ಎಂದು ಮನೆಯಲ್ಲೇ ತೀರ್ಮಾನಿಸುವ ಹಾಗಿಲ್ಲ. ಒಡೆದ ಮೇಲೆ ಎರಡೂ ರೋಗದ ಹುಣ್ಣುಗಳು ಪಶುವೈದ್ಯರನ್ನೇ ಯಾಮಾರಿಸಬಲ್ಲವು. ಹುಣ್ಣಿನ ಚೂರು ಪಿಸಿಆರ್ ಪರೀಕ್ಷೆಗೆ ಹೋದರಷ್ಟೇ ಖಾತ್ರಿ.

ಕೈಗವಸು ಮರೆಯಬೇಡಿ. ಕರುವಿಗೆ ಬೆರಳು ಚೀಪಿಸಿ ಹಾಲು ಕಲಿಸುವವರ ಬೆರಳಿಗೂ ಈ ಸಾಧು ವೈರಸ್ ದಾಟುತ್ತದೆ. ಅಲ್ಲೊಂದು ಕೆಂಪು ಗಂಟು ಎದ್ದು, ಕೆಲವು ವಾರ ಇದ್ದು, ಹೋಗುತ್ತದೆ. ವಾಸಿಯಾದ ಕರುವಿಗೋ, ಇನ್ನೊಮ್ಮೆ ಬರಲೂ ಅಡ್ಡಿಯಿಲ್ಲ!