ಒಂಬತ್ತಕ್ಕೆ ಏಳಬೇಕಾದ ಯಂತ್ರಗಳು

ಭಾನುವಾರ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಆಫೀಸಿನಿಂದ ಫೋನು ಬಂದರೆ ಅದರಲ್ಲಿ ಒಳ್ಳೆಯ ಸುದ್ದಿ ಇರುವುದಿಲ್ಲ. ಎರಡು ವರ್ಷದ ಹಿಂದೆ ಪುಣೆಯ ನಮ್ಮ ಮನೆಗೆ ಅಂಥದ್ದೊಂದು ಫೋನು ಬಂತು. ನಮ್ಮ ಗ್ರಾಹಕ ಸಂಸ್ಥೆಯೊಂದು ಪ್ರವೇಶ ಪರೀಕ್ಷೆಗೆ ಓದುವ ಮಕ್ಕಳಿಗಾಗಿ ಭಾನುವಾರ ಒಂಬತ್ತರಿಂದ ಹನ್ನೆರಡರವರೆಗೆ ಆನ್‌ಲೈನ್ ಮಾದರಿ ಪರೀಕ್ಷೆ ನಡೆಸುತ್ತದೆ. ಅವತ್ತು ಪ್ರಶ್ನೆಪತ್ರಿಕೆ ತೆರೆಯುತ್ತಿರಲಿಲ್ಲ, ಪರದೆಯ ಮೂಲೆಯ ಗಡಿಯಾರ ಮಾತ್ರ ಓಡುತ್ತಿತ್ತು. ಅಪ್ಪ ಅಮ್ಮಂದಿರು ಸಹಾಯವಾಣಿಗೆ ಒಂದೇ ಸಮನೆ ಕರೆ ಮಾಡುತ್ತಿದ್ದರು. ನಾವೆಲ್ಲ ಲ್ಯಾಪ್‌ಟಾಪ್ ತೆರೆದು ಕೂರುವಷ್ಟರಲ್ಲಿ, ಒಂಬತ್ತೂವರೆಯ ಹೊತ್ತಿಗೆ, ಎಲ್ಲವೂ ತಾನಾಗಿಯೇ ಸರಿಹೋಯಿತು.

ತಾನಾಗಿಯೇ ಸರಿಹೋಗುವ ತೊಂದರೆಯಷ್ಟು ಕೆಟ್ಟದ್ದು ನಮ್ಮ ಕಸುಬಿನಲ್ಲಿ ಇನ್ನೊಂದಿಲ್ಲ. ಮುಂದಿನ ಭಾನುವಾರ ಅದು ಮತ್ತೆ ಬರುತ್ತದೆ.

ಮಧ್ಯಾಹ್ನದ ಮೀಟಿಂಗಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಈ ವಾರ ಏನು ಬದಲಾಯಿತು? ಬದಲಾದದ್ದು ಒಂದೇ. ನಾಲ್ಕು ತಿಂಗಳ ಹಿಂದೆ ಸೇರಿದ್ದ ಬಾಗಲಕೋಟೆ ಕಡೆಯ ಹುಡುಗನೊಬ್ಬ, ಯಂತ್ರಗಳು ಶುರುವಾಗುವಾಗ ಓಡುವ ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದ್ದ. ಸಾಕ್ಷ್ಯ ಸಿಕ್ಕಿತು, ತೀರ್ಪೂ ಆಯಿತು. ಅವನ ಪ್ರೊಬೇಷನ್ ಮುಗಿಯಲು ಎರಡು ತಿಂಗಳಿತ್ತು. ಸಂಜೆ ಅವನೇ ಫೋನ್ ಮಾಡಿದ. "ಸರ್, ಆ ಸಾಲು ತಗದು ಹಾಕೇನ್ರಿ. ಆದ್ರ ಅದರಿಂದಽ ಆಗೇತಿ ಅಂತ ನನಗ ಅನಸವಲ್ದು." ನನಗೂ ಹಾಗೆ ಅನ್ನಿಸಿರಲಿಲ್ಲ. ಆದರೆ ಅನ್ನಿಸಿಕೆಯನ್ನು ಮೀಟಿಂಗಿನಲ್ಲಿ ಇಟ್ಟರೆ ಯಾರು ಕೇಳುತ್ತಾರೆ?

ಬಾಡಿಗೆಯ ಅಡುಗೆಯವರು

ಐಟಿಯವರಲ್ಲದ ಓದುಗರಿಗೆ ಎರಡು ಮಾತು. ಕ್ಲೌಡ್ ಎಂದರೆ ಬಾಡಿಗೆ ಕಂಪ್ಯೂಟರುಗಳು. ಅಮೆಜಾನ್ 2006ರಲ್ಲಿ ಇಸಿ2 ಎಂಬ ಸೇವೆಯಿಂದ ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್ ಬಾಡಿಗೆಗೆ ಕೊಡತೊಡಗಿತು. 2009ರಲ್ಲಿ ಆಟೋ ಸ್ಕೇಲಿಂಗ್ ತಂದಿತು. ಜನ ಹೆಚ್ಚಿದಾಗ, ಅಥವಾ ನಾವು ಹೇಳಿದ ಹೊತ್ತಿಗೆ, ಯಂತ್ರಗಳ ಸಂಖ್ಯೆ ತಾನಾಗಿಯೇ ಏರುತ್ತದೆ, ಕೆಲಸ ಮುಗಿದ ಮೇಲೆ ಇಳಿಯುತ್ತದೆ. ಈಗ ದೊಡ್ಡ ಕ್ಲೌಡ್‌ಗಳೆಲ್ಲ ಇದನ್ನು ಕೊಡುತ್ತವೆ. ನಮ್ಮ ಗ್ರಾಹಕರಿಗೆ ವಾರದ ದಿನಗಳಲ್ಲಿ 4 ಯಂತ್ರ ಸಾಕು, ಭಾನುವಾರ 24 ಬೇಕು. ಬೆಳಿಗ್ಗೆ 8.45ಕ್ಕೆ ಉಳಿದ ಇಪ್ಪತ್ತೂ ಏಳುವಂತೆ ಸಮಯ ಕಟ್ಟಿಟ್ಟಿದ್ದೆವು.

ನಮ್ಮ ಸಾಗರದ ಕಡೆ ಮದುವೆಗೆ ಅಡುಗೆಯವರನ್ನು ಕರೆಸಿದ ಹಾಗೆ ಅಂದುಕೊಳ್ಳಿ. ಆಳು ಬಂದು ನಿಂತರೆ ಅಡುಗೆ ಆಯಿತೆಂದಲ್ಲ. ಪಾತ್ರೆ ಎಲ್ಲಿದೆ ತಿಳಿಯಬೇಕು, ಸಾಮಾನು ತರಬೇಕು, ಒಲೆ ಹೊತ್ತಿಸಬೇಕು, ಆಮೇಲೆ ಯಜಮಾನರು ರುಚಿ ನೋಡಿ ಬಡಿಸಲು ಹೇಳಬೇಕು. ಹೊಸ ಯಂತ್ರದ ಕಥೆಯೂ ಇದೇ. ಕ್ಲೌಡ್ ಜಾಗ ಹುಡುಕಿ ಯಂತ್ರ ಕೊಡುತ್ತದೆ. ಲಿನಕ್ಸ್ ಏಳುತ್ತದೆ. ಕ್ಲೌಡ್-ಇನಿಟ್ ಎಂಬ ತಂತ್ರಾಂಶ ನಮ್ಮ ಸ್ಕ್ರಿಪ್ಟನ್ನು ಓಡಿಸಿ ಬೇಕಾದ ಪ್ಯಾಕೇಜುಗಳನ್ನು ಇಂಟರ್‌ನೆಟ್‌ನಿಂದ ಇಳಿಸುತ್ತದೆ. ನಂತರ ಅಪ್ಲಿಕೇಷನ್ ಶುರು. ಕೊನೆಗೆ ಲೋಡ್ ಬ್ಯಾಲೆನ್ಸರ್ "ಆರೋಗ್ಯವಾಗಿದೆ" ಎಂದು ಒಪ್ಪಿದ ಮೇಲಷ್ಟೇ ಅದರತ್ತ ಜನರನ್ನು ಕಳಿಸುತ್ತದೆ. ಐದು ಹಂತ. "ಯಂತ್ರ ನಿಧಾನ" ಎಂದರೆ ಐದರಲ್ಲಿ ಯಾವುದು ನಿಧಾನ ಎಂದು ಮೊದಲು ತಿಳಿಯಬೇಕು.

ಒಂಟಿಯಾಗಿ ಬಂದರೆ ಸರಿ

ಸೋಮವಾರ ಒಂದು ಯಂತ್ರ ಎಬ್ಬಿಸಿ ನೋಡಿದೆವು. ನಾಲ್ಕು ನಿಮಿಷ. ಹುಡುಗನ ಸಾಲು ತೆಗೆದು ಇನ್ನೊಂದು ಎಬ್ಬಿಸಿದೆವು. ಇಪ್ಪತ್ತು ಸೆಕೆಂಡು ಕಡಿಮೆಯಾಯಿತು, ಅಷ್ಟೇ. ಇಪ್ಪತ್ತು ಸೆಕೆಂಡಿನಿಂದ ಅರ್ಧ ಗಂಟೆ ಪರೀಕ್ಷೆ ನಿಲ್ಲುತ್ತದೆಯೇ? ಹಾಗಿದ್ದರೆ ಭಾನುವಾರ ಏನಾಗಿತ್ತು ಎಂದು ಹಳೆಯ ಯಂತ್ರಗಳ ಲಾಗ್ ನೋಡೋಣವೆಂದರೆ ಆ ಯಂತ್ರಗಳೇ ಇರಲಿಲ್ಲ. ಆಟೋ ಸ್ಕೇಲಿಂಗಿನಲ್ಲಿ ಯಂತ್ರವನ್ನು ಕೈಬಿಟ್ಟರೆ ಅದರ ಡಿಸ್ಕಿನ ಲಾಗೂ ಹೋಗುತ್ತದೆ.

ಉಳಿದಿದ್ದು ಆಟೋ ಸ್ಕೇಲಿಂಗಿನ ದಿನಚರಿ ಒಂದೇ. ಹುಡುಗ ಅದನ್ನು ಒಂದೊಂದೇ ಸಾಲಾಗಿ ಓದಿ ನನಗೆ ತೋರಿಸಿದ. 8.45ಕ್ಕೆ ಇಪ್ಪತ್ತು ಯಂತ್ರ ಹುಟ್ಟಿದ್ದವು. ಐದಾರು ನಿಮಿಷ ಕಳೆಯುವಷ್ಟರಲ್ಲಿ ಅವುಗಳಲ್ಲಿ ಹದಿನಾಲ್ಕನ್ನು "ಅನಾರೋಗ್ಯ" ಎಂದು ಗುರುತಿಸಿ ತೆಗೆದುಹಾಕಿ, ಬದಲಿಗೆ ಹೊಸದನ್ನು ಎಬ್ಬಿಸಲಾಗಿತ್ತು. ಅವುಗಳಲ್ಲೂ ಕೆಲವು ಹೀಗೇ ಹೋಗಿದ್ದವು. "ಸರ್, ಅವು ತಡಾ ಮಾಡಿಲ್ರಿ. ಏಳೂದ್ರಾಗ ಹೊಡದು ಹಾಕ್ಯಾರ."

ಆರೋಗ್ಯ ತಪಾಸಣೆಗೆ ಮುನ್ನ ಹೊಸ ಯಂತ್ರಕ್ಕೆ ಒಂದಿಷ್ಟು ವಿನಾಯಿತಿ ಸಮಯ ಇರುತ್ತದೆ. ನಮ್ಮದರಲ್ಲಿ ಅದು 300 ಸೆಕೆಂಡ್, ಅಂದರೆ ಐದು ನಿಮಿಷ. ನಾಲ್ಕು ನಿಮಿಷದಲ್ಲಿ ಏಳುವ ಯಂತ್ರಕ್ಕೆ ಅದು ಸಾಕು. ಆರು ನಿಮಿಷ ತೆಗೆದುಕೊಂಡರೆ ಸಾವು. ಆದರೆ ನಾಲ್ಕು ಆರಾದದ್ದು ಹೇಗೆ?

ಬ್ಲೇಮ್ ಎಂಬ ಆಜ್ಞೆ

ಮಂಗಳವಾರ ರಾತ್ರಿ, ಅನಾರೋಗ್ಯ ಯಂತ್ರಗಳನ್ನು ಬದಲಿಸುವ ಕೆಲಸವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಇಪ್ಪತ್ತನ್ನೂ ಒಟ್ಟಿಗೆ ಎಬ್ಬಿಸಿದೆವು. ಈಗ ಆರರಿಂದ ಏಳು ನಿಮಿಷ ಹಿಡಿಯಿತು. ಯಂತ್ರಗಳು ಜೀವಂತವಿದ್ದವು, ಒಳಗೆ ಹೋಗಿ ನೋಡಬಹುದಿತ್ತು.

ಲಿನಕ್ಸಿನಲ್ಲಿ "ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್" ಎಂಬ ಆಜ್ಞೆ ಇದೆ. ಬ್ಲೇಮ್ ಎಂದರೆ ದೂರು. ಶುರುವಾಗಲು ಯಾವ ಸೇವೆ ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ದೊಡ್ಡದರಿಂದ ಚಿಕ್ಕದಕ್ಕೆ ಪಟ್ಟಿ ಕೊಡುತ್ತದೆ. ಅದರ ಕೈಪಿಡಿಯಲ್ಲೇ ಒಂದು ಎಚ್ಚರಿಕೆಯೂ ಇದೆ. ಈ ಪಟ್ಟಿ ದಾರಿ ತಪ್ಪಿಸಬಹುದು, ಒಂದು ಸೇವೆ ತಡವಾಗಿರುವುದು ಅದು ಇನ್ನೊಂದಕ್ಕಾಗಿ ಕಾಯುತ್ತಿದ್ದುದರಿಂದಲೂ ಇರಬಹುದು ಎಂಬುದು ಅದರ ಸಾರ. ಯಾವುದು ಯಾವುದಕ್ಕಾಗಿ ಕಾದಿತು ಎಂದು ತಿಳಿಯಲು "ಕ್ರಿಟಿಕಲ್-ಚೈನ್" ಎಂಬ ಬೇರೆಯೇ ಆಜ್ಞೆ ಇದೆ. ನಮ್ಮ ಮೀಟಿಂಗಿನಲ್ಲಿ ಭಾನುವಾರ ಓಡಿದ್ದು ಮೊದಲನೆಯದು ಮಾತ್ರ.

ಪಟ್ಟಿಯ ತುದಿಯಲ್ಲಿದ್ದುದು ಕ್ಲೌಡ್-ಇನಿಟ್‌ನ ಕೊನೆಯ ಹಂತ, ಅಂದರೆ ನಮ್ಮ ಸ್ಕ್ರಿಪ್ಟ್ ಓಡುವ ಜಾಗ. ಮೇಲ್ನೋಟಕ್ಕೆ ಹುಡುಗನೇ ಸಿಕ್ಕಿಬಿದ್ದಂತೆ. ಆದರೆ ಕ್ಲೌಡ್-ಇನಿಟ್‌ನ ಔಟ್‌ಪುಟ್ ಲಾಗ್ ತೆರೆದರೆ ಪ್ಯಾಕೇಜುಗಳು ತೊಟ್ಟಿಕ್ಕಿದ ಹಾಗೆ ಇಳಿಯುತ್ತಿದ್ದವು. ನಮ್ಮ ಯಂತ್ರಗಳು ಇಂಟರ್‌ನೆಟ್ಟಿಗೆ ನೇರ ಹೋಗುವುದಿಲ್ಲ, ನ್ಯಾಟ್ ಎಂಬ ಒಂದು ಪುಟ್ಟ ಯಂತ್ರದ ಮೂಲಕ ಹೋಗುತ್ತವೆ. ಇಪ್ಪತ್ತು ಅಡುಗೆಯವರು ಒಟ್ಟಿಗೆ ಬಂದು, ಒಂದೇ ಬಾಗಿಲಿನ ಒಂದೇ ಅಂಗಡಿಯ ಮುಂದೆ ಸಾಮಾನಿಗೆ ಸಾಲು ನಿಂತಿದ್ದರು. ಐದು ನಿಮಿಷಕ್ಕೆ ಒಲೆ ಹೊತ್ತಿಸದವರನ್ನು ಯಜಮಾನರು ಮನೆಗೆ ಅಟ್ಟಿ ಹೊಸಬರನ್ನು ಕರೆಸುತ್ತಿದ್ದರು. ಹೊಸಬರು ಮತ್ತೆ ಅದೇ ಸಾಲಿನ ಕೊನೆಗೆ. ಸಾಲು ಕರಗಿದಂತೆ ತಡವೂ ಕಡಿಮೆಯಾಗಿ ಒಂಬತ್ತೂವರೆಗೆ ಎಲ್ಲ ಸರಿಹೋಗಿತ್ತು.

ಹಿಂದಿನ ಭಾನುವಾರಗಳಲ್ಲೂ ಐದು ನಿಮಿಷದ ಗೆರೆಯ ಅಂಚಿನಲ್ಲೇ ಬದುಕಿದ್ದೆವು. ತುಂಬಿದ ಬಿಂದಿಗೆಗೆ ಹುಡುಗ ಸುರಿದದ್ದು ಒಂದು ಲೋಟ ನೀರು. ಬಿಂದಿಗೆ ತುಂಬಿಸಿದ್ದು ಬೇರೆಯವರು.

ಆ ಬೇರೆಯವರು ನಾನೇ. ಮೂರು ವರ್ಷದ ಹಿಂದೆ ನಾಲ್ಕೇ ಯಂತ್ರ ಇದ್ದಾಗ ಖರ್ಚು ಉಳಿಯಲೆಂದು ಆ ಪುಟ್ಟ ನ್ಯಾಟ್ ಯಂತ್ರವನ್ನು ನಿಲ್ಲಿಸಿದ್ದು ನಾನು. 300 ಸೆಕೆಂಡನ್ನು ಮುಟ್ಟದೆ ಹಾಗೇ ಬಿಟ್ಟವನೂ ನಾನು. ಯಂತ್ರಗಳು ನಾಲ್ಕರಿಂದ ಇಪ್ಪತ್ನಾಲ್ಕಾದಾಗ ಯಾರೂ ಹಿಂದಿರುಗಿ ನೋಡಲಿಲ್ಲ. ಬುಧವಾರ ವರದಿ ಬರೆಯುವಾಗ "ಹಳೆಯ ವಿನ್ಯಾಸದ ಮಿತಿ" ಎಂದು ಬರೆದು ಸುಮ್ಮನಾಗಬಹುದಿತ್ತು. ಒಂದು ಗಂಟೆ ಹಾಗೆಯೇ ಬರೆದಿಟ್ಟಿದ್ದೆ ಕೂಡ. ಆಮೇಲೆ ಅಳಿಸಿ, ಯಾವ ವರ್ಷ ಯಾರು ಏನು ಮಾಡಿದ್ದು ಎಂದು ಹೆಸರು ಹಾಕಿ ಬರೆದೆ.

ಹಿಂದಿನ ರಾತ್ರಿಯ ಕೆಲಸ

ಪರಿಹಾರ ಹೊಸದೇನಲ್ಲ. ಮಲೆನಾಡಿನ ಮದುವೆ ಮನೆಯಲ್ಲಿ ಹಿಂದಿನ ರಾತ್ರಿಯೇ ನಾಲ್ಕು ಜನ ಸೇರಿ ತರಕಾರಿ ಹೆಚ್ಚಿಡುತ್ತಾರೆ. ಹಾಗೆಯೇ ಎಲ್ಲ ಪ್ಯಾಕೇಜುಗಳನ್ನೂ ಮೊದಲೇ ಹಾಕಿ ಯಂತ್ರದ ಒಂದು ಅಚ್ಚು, ಅಂದರೆ ಇಮೇಜ್, ಸಿದ್ಧ ಮಾಡಿದೆವು. ಪ್ಯಾಕರ್ ಎಂಬ ಉಪಕರಣ ಈ ಕೆಲಸಕ್ಕೇ ಇದೆ. ಎದ್ದ ಮೇಲೆ ಇಳಿಸಿಕೊಳ್ಳುವುದು ಏನೂ ಉಳಿಯಲಿಲ್ಲ. ಏಳುವ ಸಮಯ ಎರಡು ನಿಮಿಷದ ಒಳಗೆ ಬಂತು. ಆದರೆ ಹೆಚ್ಚಿಟ್ಟ ತರಕಾರಿ ಬಾಡುತ್ತದೆ. ಭದ್ರತಾ ಅಪ್‌ಡೇಟುಗಳಿಗಾಗಿ ಪ್ರತಿ ವಾರ ಅಚ್ಚನ್ನು ಹೊಸದಾಗಿ ಮಾಡಬೇಕು. ಈ ಕೆಲಸ ತಪ್ಪಿಸಿದರೆ ಮುಂದೆ ಬೇರೆ ರೀತಿಯ ಭಾನುವಾರ ಕಾದಿರುತ್ತದೆ.

ನಿಮ್ಮಲ್ಲೂ ಯಂತ್ರಗಳು ತಡವಾಗಿ ಏಳುತ್ತಿದ್ದರೆ ಒಂದಲ್ಲ, ಬೇಕಾದಷ್ಟನ್ನೂ ಒಟ್ಟಿಗೆ ಎಬ್ಬಿಸಿ ಅಳೆಯಿರಿ. ಲಾಗುಗಳನ್ನು ಯಂತ್ರದ ಹೊರಗೆ ಕಳಿಸಿಡಿ. ಹುಡುಗ ಸೇರಿಸಿದ್ದ ಆ ಸಾಲು ಇದೇ ಕೆಲಸ ಮಾಡುವ ತಂತ್ರಾಂಶವನ್ನು ಹಾಕುತ್ತಿತ್ತು, ಪಾಪ! ರೀಬೂಟ್ ಬೇಗವಾಗಿ ಮೊದಲ ಸಲ ಮಾತ್ರ ನಿಧಾನವಾದರೆ ಡಿಸ್ಕನ್ನು ಅನುಮಾನಿಸಿ. ಅಮೆಜಾನಿನಲ್ಲಿ ಸ್ನ್ಯಾಪ್‌ಶಾಟ್‌ನಿಂದ ಹುಟ್ಟಿದ ಡಿಸ್ಕಿನ ಪ್ರತಿ ತುಣುಕೂ ಮೊದಲ ಓದಿನಲ್ಲಿ ದೂರದ ಸಂಗ್ರಹದಿಂದ ಬರಬೇಕಾಗುತ್ತದೆ. ವಿನಾಯಿತಿ ಸಮಯವನ್ನು ಅಳೆದ ಸಮಯಕ್ಕಿಂತ ಧಾರಾಳವಾಗಿ ಇಡಿ.

ಮುಂದಿನ ಭಾನುವಾರ 8.40ಕ್ಕೆ ನಾವಿಬ್ಬರೂ ಆಫೀಸಿನಲ್ಲಿ ಕೂತಿದ್ದೆವು. 8.47ಕ್ಕೆ ಇಪ್ಪತ್ನಾಲ್ಕೂ ಹಸಿರು. ಒಂಬತ್ತಕ್ಕೆ ಮಕ್ಕಳು ಬಂದರು, ಪ್ರಶ್ನೆಪತ್ರಿಕೆ ತೆರೆಯಿತು, ಯಾರ ಫೋನೂ ಬರಲಿಲ್ಲ. ಆ ವರ್ಷದ ಅಪ್ರೈಸಲ್‌ನಲ್ಲಿ ನನ್ನ ವರದಿಯ ಪ್ರಸ್ತಾಪ ಬಂತು, ಹೊಗಳಿಕೆಯಾಗಿ ಅಲ್ಲ. ಹುಡುಗನ ಪ್ರೊಬೇಷನ್ ಹೊತ್ತಿಗೆ ಸರಿಯಾಗಿ ಮುಗಿಯಿತು. ಅವತ್ತು ವಾಕಡ್ ಹತ್ತಿರದ ಖಾನಾವಳಿಗೆ ಕರೆದುಕೊಂಡು ಹೋಗಿ ಜೋಳದ ರೊಟ್ಟಿ, ಎಣಗಾಯಿ ತಿನ್ನಿಸಿದ. ರೊಟ್ಟಿ ಬರಲು ತಡವಾಯಿತು. "ಒಳಗ ಹಂಚು ಒಂದಽ ಇರಬೇಕ್ರಿ ಸರ್" ಎಂದ.